ಮಲೆನಾಡಿನ ಮನೆಗೆ ಹೊಸ ಅಡುಗೆಮನೆ, ನಮ್ಮ ಕೈಯಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಹೆಂಚಿನ ಮನೆಯಲ್ಲಿ ನಾನೂ ತಮ್ಮನೂ ಸೇರಿ ಅಡುಗೆಮನೆ ಹೊಸದು ಮಾಡಿದೆವು. ಯಾವುದು ಎಲ್ಲಿರಬೇಕು ಅಂತ ಹೇಳಿದವರು ಅಮ್ಮ. ಆಮೇಲೆ ಮನೆಗೆ ಬಂದವರೆಲ್ಲ ಕಪಾಟಿನ ಬಾಗಿಲು ತೆಗೆದು ನೋಡಿ ಸುಮಾರಾಗಿ ಒಂದೇ ತರದ ಪ್ರಶ್ನೆ ಕೇಳುತ್ತಾರೆ. ಸಾಗರ, ಹೊಸನಗರದಿಂದ ಫೋನ್ ಮಾಡಿ ಕೇಳುವ ನೆಂಟರೂ ಇದ್ದಾರೆ. ಅವರಿಗೆಲ್ಲ ಒಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಬೆಂಗಳೂರಿನ ಫ್ಲಾಟಿಗೆ ಹೊಂದುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುವ ಮನೆಗೆ ಹೊಂದುವ ಸಲಹೆ ಸಿಗುವುದು ಕಷ್ಟ.

ನಿಜವಾಗಲೂ ನಾವೇ ಮಾಡಬಹುದಾ? ಎಲ್ಲವನ್ನೂ?

ಎಲ್ಲವನ್ನೂ ಅಲ್ಲ. ಅಳತೆ, ನಕ್ಷೆ, ಕಪಾಟಿನ ಪೆಟ್ಟಿಗೆ ಜೋಡಿಸುವುದು, ಮಟ್ಟ ಮಾಡಿ ಕೂರಿಸುವುದು, ಬಾಗಿಲು, ಡ್ರಾಯರ್, ಸಿಂಕಿನ ಕೆಳಗಿನ ಪೈಪು, ಟೈಲ್ಸ್, ಬಣ್ಣ. ಇಷ್ಟು ತಾಳ್ಮೆ ಇರುವ ಯಾರಾದರೂ ಮಾಡಬಹುದು. ಮೂರು ಕೆಲಸ ಮಾತ್ರ ಗೊತ್ತಿದ್ದವರ ಕೈಗೇ ಕೊಡಿ: ಗ್ಯಾಸ್ ಜೋಡಣೆ, ಹೊಸ ಕರೆಂಟು ಲೈನ್, ಗ್ರಾನೈಟ್ ಕತ್ತರಿಸಿ ಹಾಕುವುದು. ಮೊದಲ ಎರಡರಲ್ಲಿ ಜೀವದ ಪ್ರಶ್ನೆ ಇದೆ. ಮೂರನೆಯದರಲ್ಲಿ ಒಂದು ಸಲ ಕಲ್ಲು ಸೀಳಿದರೆ ಇಡೀ ಚಪ್ಪಡಿಯೇ ಹೋಗುತ್ತದೆ.

ಒಬ್ಬರೇ ಮಾಡಲು ಹೋಗಬೇಡಿ. ಪ್ಲೈವುಡ್ ಪೆಟ್ಟಿಗೆ ಎತ್ತಿ ಹಿಡಿಯಲು ಇನ್ನೊಂದು ಜೊತೆ ಕೈ ಬೇಕೇ ಬೇಕು.

ಯಾವ ತಿಂಗಳಲ್ಲಿ ಶುರು ಮಾಡಬೇಕು?

ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದ ಮೇಲೆ, ಅಂದರೆ ಫೆಬ್ರವರಿಯಲ್ಲಿ. ಅದಕ್ಕೂ ಮೊದಲು ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ, ಕೆಲಸಕ್ಕೆ ಜನವೂ ಸಿಗುವುದಿಲ್ಲ. ಏಪ್ರಿಲ್ ಕೊನೆಯೊಳಗೆ ಮುಗಿಸಿಬಿಡಿ. ಮೇ ತಿಂಗಳಲ್ಲಿ ಗುಡುಗು ಮಳೆ ಬಂದರೆ ಕರೆಂಟು ದಿನಗಟ್ಟಲೆ ಇರುವುದಿಲ್ಲ, ಜೂನ್ ಆದ ಮೇಲಂತೂ ಗಾರೆಯೂ ಒಣಗುವುದಿಲ್ಲ, ಬಣ್ಣವೂ ಒಣಗುವುದಿಲ್ಲ, ಒದ್ದೆ ಗೋಡೆಗೆ ಕಪಾಟು ಒತ್ತಿ ಕೂರಿಸಿದರೆ ಆ ತೇವವೆಲ್ಲ ಹಿಂದೆಯೇ ಉಳಿದು ದೀಪಾವಳಿಯೊಳಗೆ ಬೂಸು ಹಿಡಿಯುತ್ತದೆ.

ನೀವಿರುವ ಜಾಗವನ್ನೂ ಲೆಕ್ಕಕ್ಕೆ ತಗೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಜಿಲ್ಲೆ ಒಂದೇ ಆದರೂ ಶಿವಮೊಗ್ಗದಲ್ಲಿ ಹತ್ತು ವರ್ಷ ಬಾಳುವ ಕಪಾಟು ಆಗುಂಬೆ ಕಡೆ ಎರಡು ವರ್ಷ ಬಾಳದೆ ಹೋಗಬಹುದು.

ಅಳತೆ ಹೇಗೆ ತೆಗೆಯುವುದು? ಒಂದು ಸಲ ಟೇಪ್ ಹಿಡಿದರೆ ಸಾಕಲ್ವಾ?

ಸಾಲದು. ನಾವು ತಪ್ಪಿದ್ದೇ ಇಲ್ಲಿ. ನಮ್ಮ ಗೋಡೆ ಒಂದು ಎತ್ತರದಲ್ಲಿ 10 ಅಡಿ 2 ಇಂಚು ಇತ್ತು, ಅದನ್ನೇ ನಂಬಿ ಪಟ್ಟಿ ಬರೆದೆವು. ಕಟ್ಟೆಯ ಎತ್ತರದಲ್ಲಿ ಅಳೆದಾಗ ಅದೇ ಗೋಡೆ 10 ಅಡಿ ಮುಕ್ಕಾಲು ಇಂಚು. ಮಣ್ಣಿನ ಗೋಡೆ ಕೆಳಗೆ ದಪ್ಪ ಇರುತ್ತದೆ, ಮೇಲೆ ಹೋದ ಹಾಗೆ ತೆಳ್ಳಗಾಗುತ್ತದೆ, ನಡುವೆ ಎಲ್ಲೋ ಹೊಟ್ಟೆ ಬಿಟ್ಟಿರುತ್ತದೆ. ಆಗಲೇ ಕತ್ತರಿಸಿದ್ದ ಒಂದು ಪೆಟ್ಟಿಗೆಯನ್ನು ಬಿಚ್ಚಿ ಮತ್ತೆ ಸಣ್ಣದು ಮಾಡಬೇಕಾಯಿತು.

ಅದಕ್ಕೇ ಪ್ರತಿ ಗೋಡೆಯನ್ನೂ ಮೂರು ಎತ್ತರದಲ್ಲಿ ಅಳೆಯಿರಿ: ನೆಲದ ಹತ್ತಿರ, ಕಟ್ಟೆಯ ಎತ್ತರದಲ್ಲಿ, ಮೇಲಿನ ಕಪಾಟಿನ ಎತ್ತರದಲ್ಲಿ. ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಅಳತೆ. ಅದರಿಂದಲೂ ಒಂದು ಇಂಚು ಬಿಟ್ಟು ಪೆಟ್ಟಿಗೆ ಮಾಡಿ, ಉಳಿದ ಸಂದಿಗೆ ಕೊನೆಗೆ ಒಂದು ಪಟ್ಟಿ ಹೊಡೆದರೆ ಆಯಿತು. ದೊಡ್ಡದಾದ ಪೆಟ್ಟಿಗೆಯನ್ನು ಸಣ್ಣದು ಮಾಡುವುದಕ್ಕಿಂತ ಸಂದಿ ಮುಚ್ಚುವುದು ಎಷ್ಟೋ ಸುಲಭ.

ಮೂಲೆ ನೇರ ಇದೆಯಾ ಅಂತಲೂ ನೋಡಬೇಕು. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿಗೆ ಗುರುತು ಹಾಕಿ, ಇನ್ನೊಂದರ ಮೇಲೆ 4 ಅಡಿಗೆ. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ ಇದೆ. ಹಳೇ ಮನೆಯಲ್ಲಿ ಹಾಗೆ ಬರುವುದು ಅಪರೂಪ. ಬರದಿದ್ದರೆ ಎಷ್ಟು ವ್ಯತ್ಯಾಸ ಅಂತ ಬರೆದಿಟ್ಟುಕೊಳ್ಳಿ, ಗ್ರಾನೈಟ್ ಕತ್ತರಿಸುವವರಿಗೆ ಅದು ಬೇಕು.

ಕಿಟಕಿ ನೆಲದಿಂದ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ಪೈಪು ಎಲ್ಲಿ ಹೊರಗೆ ಹೋಗುತ್ತದೆ, ಇದೆಲ್ಲ ಅದೇ ಕಾಗದದಲ್ಲಿ ಇರಲಿ. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಗೆ ಗೆರೆ ಎಳೆದು ಎರಡು ದಿನ ಅದರೊಳಗೇ ಓಡಾಡಿ. ಅಮ್ಮ ಹೀಗೆ ಓಡಾಡಿಯೇ ಫ್ರಿಜ್ಜಿನ ಜಾಗ ಬದಲಾಯಿಸಿದ್ದು.

ಕಟ್ಟೆ ಎಷ್ಟು ಎತ್ತರ ಇರಬೇಕು?

ಅಂಗಡಿಯವರು 34 ಇಂಚು ಅನ್ನುತ್ತಾರೆ. ಆದರೆ ಅಡುಗೆ ಮಾಡುವವರು ಯಾರು? ಅವರನ್ನು ನೇರ ನಿಲ್ಲಿಸಿ, ಮೊಣಕೈ ಮಡಚಲು ಹೇಳಿ, ನೆಲದಿಂದ ಮೊಣಕೈವರೆಗೆ ಅಳೆದು ಅದರಲ್ಲಿ 4ರಿಂದ 5 ಇಂಚು ಕಳೆಯಿರಿ. 5 ಅಡಿ ಎತ್ತರದವರಿಗೆ 32 ಇಂಚಿನ ಹತ್ತಿರ ಬರುತ್ತದೆ. ಎರಡು ಇಂಚಿನಲ್ಲಿ ಏನಿದೆ ಅನ್ನಿಸಬಹುದು. ದಿನಕ್ಕೆ ಮೂರು ಹೊತ್ತು ಅಲ್ಲೇ ನಿಂತು ಅಕ್ಕಿ ರೊಟ್ಟಿ ತಟ್ಟುವವರ ಭುಜವನ್ನು ಕೇಳಿ, ಗೊತ್ತಾಗುತ್ತದೆ.

ಗ್ಯಾಸ್ ಒಲೆ ಕಟ್ಟೆಗಿಂತಲೂ ನಾಲ್ಕೈದು ಇಂಚು ಮೇಲೆ ಇರುತ್ತದೆ, ಅದರ ಮೇಲೆ ಕಡುಬಿನ ಪಾತ್ರೆ ಇಟ್ಟರೆ ಮುಚ್ಚಳ ಮುಖದ ಮಟ್ಟಕ್ಕೆ ಬರುತ್ತದೆ, ತೆಗೆದಾಗ ಬರುವ ಹಬೆ ಕಣ್ಣಿಗೇ. ಜಾಗ ಇದ್ದರೆ ಒಲೆ ಇಡುವ ಕಡೆ ಕಟ್ಟೆಯನ್ನು 4 ಇಂಚು ತಗ್ಗಿಸಿ. ನಾವು ಹಾಗೇ ಮಾಡಿದೆವು. ಈ ಇಡೀ ಕೆಲಸದಲ್ಲಿ ಅಮ್ಮನಿಗೆ ತುಂಬಾ ಇಷ್ಟವಾದದ್ದು ಅದೊಂದೇ ತಗ್ಗು.

ಕಟ್ಟೆಯ ಅಗಲ 24 ಇಂಚು ಸಾಕು. ಮೇಲಿನ ಕಪಾಟು 12ರಿಂದ 14 ಇಂಚು ಆಳ ಇದ್ದು, ಕಟ್ಟೆಯಿಂದ ಸುಮಾರು 2 ಅಡಿ ಮೇಲೆ ಶುರುವಾಗಲಿ.

ಒಲೆ, ಸಿಂಕು, ಫ್ರಿಜ್ ಎಲ್ಲೆಲ್ಲಿ?

ಸಿಂಕು ಹೊರಗೋಡೆಯ ಕಡೆ, ಕಿಟಕಿ ಕೆಳಗೆ. ನೀರು ಹೊರಗೆ ಹೋಗುವ ದಾರಿ ಹತ್ತಿರ ಆಗುತ್ತದೆ, ಬೆಳಕೂ ಇರುತ್ತದೆ. ಸಿಂಕಿಗೂ ಒಲೆಗೂ ನಡುವೆ ಕಡಿಮೆ ಅಂದರೂ 2 ಅಡಿ ಖಾಲಿ ಕಟ್ಟೆ ಇರಲಿ, ಹೆಚ್ಚುವುದು ಕಲಸುವುದು ಎಲ್ಲ ಅಲ್ಲೇ ನಡೆಯುವುದು. ಒಲೆಯನ್ನು ಕಿಟಕಿ ಎದುರಿಗೇ ಇಡಬೇಡಿ, ಗಾಳಿಗೆ ಉರಿ ಆರಿದರೆ ಗ್ಯಾಸ್ ಸುಮ್ಮನೆ ಹೊರಗೆ ಬರುತ್ತಿರುತ್ತದೆ. ಫ್ರಿಜ್ ಬಾಗಿಲ ಹತ್ತಿರ ಇದ್ದರೆ ಒಳ್ಳೆಯದು.

ಇನ್ನೊಂದು ಮಾತು. ಒರಳುಕಲ್ಲು, ಈಳಿಗೆಮಣೆ, ಶ್ಯಾವಿಗೆ ಒತ್ತು, ಮಿಡಿ ಉಪ್ಪಿನಕಾಯಿಯ ಭರಣಿ, ಇವನ್ನೆಲ್ಲ ಯಾವ ರೆಡಿಮೇಡ್ ನಕ್ಷೆಯೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮೊದಲು ಅವುಗಳ ಪಟ್ಟಿ ಮಾಡಿ, ಎತ್ತರ ಅಗಲ ಅಳೆದು ಬರೆಯಿರಿ. ಭರಣಿ ಇಡುವ ಗೂಡು ನೆಲದ ಮಟ್ಟದಲ್ಲೇ, ಬಿಸಿಲು ಬೀಳದ ಮೂಲೆಯಲ್ಲಿ ಇರಲಿ. ಶ್ಯಾವಿಗೆ ಒತ್ತಲು ಮೈಭಾರ ಹಾಕಬೇಕು, ಅದನ್ನು ಕಟ್ಟೆಯ ಮೇಲೆ ಇಟ್ಟು ಒತ್ತಬಹುದು ಅಂದುಕೊಳ್ಳಬೇಡಿ. ಅದಕ್ಕೆ ನೆಲದಲ್ಲೇ ಮೂರು ಅಡಿ ಖಾಲಿ ಜಾಗ ಉಳಿಸಿ.

ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಪಿವಿಸಿ: ನಮ್ಮ ಕಡೆಗೆ ಯಾವುದು?

ಪಾರ್ಟಿಕಲ್ ಬೋರ್ಡ್ ಮತ್ತು ಮಾಮೂಲಿ ಎಂಡಿಎಫ್ ಬೇಡವೇ ಬೇಡ. ಒಂದು ಮರದ ಪುಡಿ ಅಂಟಿಸಿದ್ದು, ಇನ್ನೊಂದು ನಾರು ಒತ್ತಿದ್ದು. ಅಂಚಿನಲ್ಲಿ ಒಂದು ಹನಿ ನೀರು ಒಳಗೆ ಹೋದರೂ ನೆನೆದ ಅವಲಕ್ಕಿ ತರ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ನಮ್ಮ ಹಳೇ ಸಿಂಕಿನ ಕೆಳಗೆ ಒಂದು ಅಂಗಡಿಯಿಂದ ತಂದ ರೆಡಿಮೇಡ್ ಕಪಾಟು ಇತ್ತು. ವಾಟರ್‌ಪ್ರೂಫ್ ಅಂತಲೇ ಹೇಳಿ ಕೊಟ್ಟಿದ್ದರು. ಎರಡನೇ ಮಳೆಗಾಲಕ್ಕೆ ತಳ ಬಿದ್ದುಹೋಯಿತು.

ಪ್ಲೈವುಡ್ ಆದರೆ ಬಿಡಬ್ಲ್ಯುಪಿ, ಅಂದರೆ ಕುದಿಯುವ ನೀರಿಗೂ ಅಂಟು ಬಿಡದ ಮರೀನ್ ದರ್ಜೆ. ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 710 ಅಂತ ಅಚ್ಚು ಇರಬೇಕು. ಈ ದರ್ಜೆಯ ಪ್ಲೈಯ ಅಂಟನ್ನು 72 ಗಂಟೆ ಕುದಿಸಿ ಪರೀಕ್ಷೆ ಮಾಡುತ್ತಾರೆ. ಬರೀ 710 ಅಂತ ಬರೆದು ಮಾರುವ ಹಾಳೆಗಳೂ ಇವೆ, ಆದ್ದರಿಂದ ಒಂದು ಸಣ್ಣ ತುಂಡು ಕೇಳಿ ತಂದು ಮನೆಯಲ್ಲೇ ಹಂಡೆಯ ಬಿಸಿನೀರಿನಲ್ಲಿ ದಿನವಿಡೀ ಕುದಿಸಿ ನೋಡಿ. ಪದರ ಬಿಟ್ಟುಕೊಂಡರೆ ಆ ಮಾಲು ತರಬೇಡಿ. ಪೆಟ್ಟಿಗೆಗೆ 18 ಮಿ.ಮೀ. ದಪ್ಪ, ಹಿಂಬದಿಗೆ 6 ಮಿ.ಮೀ. ಸಾಕು.

ಹಾಳೆ 8 ಅಡಿಗೆ 4 ಅಡಿ ಇರುತ್ತದೆ. 4 ಅಡಿಯನ್ನು ಎರಡು ಸಮ ಭಾಗ ಮಾಡಿದರೆ 24 ಇಂಚಿನ ಎರಡು ತುಂಡು ಬರುತ್ತದೆ ಅಂತ ಲೆಕ್ಕ ಹಾಕಬೇಡಿ, ಗರಗಸವೇ ಸುಮಾರು 3 ಮಿ.ಮೀ. ತಿನ್ನುತ್ತದೆ. ಕೆಳಗಿನ ಪೆಟ್ಟಿಗೆಯ ಆಳ 22 ಇಂಚು ಇಟ್ಟುಕೊಂಡರೆ ಎರಡು ಸಲೀಸಾಗಿ ಬರುತ್ತವೆ, ಹಿಂದೆ ಪೈಪಿಗೂ ಗಾಳಿಗೂ ಜಾಗ ಉಳಿಯುತ್ತದೆ. ಕತ್ತರಿಸುವ ಮೆಷಿನ್ ಇರುವ ಪ್ಲೈವುಡ್ ಅಂಗಡಿ ಹುಡುಕಿ, ಪಟ್ಟಿ ಕೊಟ್ಟು ಅಲ್ಲೇ ಕತ್ತರಿಸಿಕೊಂಡು ಬನ್ನಿ. ಕೈಗರಗಸದಲ್ಲಿ ಅಷ್ಟು ನೇರ ಬರುವುದಿಲ್ಲ.

ಮೈಕಾ ಅಂಟಿಸುವುದಾದರೆ ಎರಡೂ ಬದಿಗೆ ಅಂಟಿಸಿ. ಹೊರಗೆ 1 ಮಿ.ಮೀ., ಒಳಗೆ ತೆಳ್ಳಗಿನದಾದರೂ ಪರವಾಗಿಲ್ಲ. ಒಂದೇ ಬದಿಗೆ ಹಾಕಿದರೆ ಇನ್ನೊಂದು ಬದಿ ಮಾತ್ರ ತೇವ ಹೀರಿ ಬಾಗಿಲು ಬಿಲ್ಲಿನ ಹಾಗೆ ಬಾಗುತ್ತದೆ. ಕತ್ತರಿಸಿದ ಅಂಚು, ಸ್ಕ್ರೂ ತೂತು, ಪೈಪಿಗೆ ಕೊರೆದ ತೂತು, ಯಾವುದನ್ನೂ ಬರಿದೇ ಬಿಡಬೇಡಿ. ಕಾಣುವ ಅಂಚಿಗೆ ಎಡ್ಜ್ ಬ್ಯಾಂಡ್, ಕಾಣದ ಅಂಚಿಗೆ ಎರಡು ಕೈ ಪ್ರೈಮರ್. ಪ್ಲೈ ಹಾಳಾಗುವುದು ಅಂಚಿನಿಂದ.

ಪಿವಿಸಿ ಬೋರ್ಡ್, ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯುಪಿಸಿ ನೀರಿಗೆ ಹೆದರುವುದಿಲ್ಲ, ಒರಲೆಯೂ (ಗೆದ್ದಲು) ತಿನ್ನುವುದಿಲ್ಲ. ಆದರೆ ಸ್ಕ್ರೂ ಹಿಡಿತ ಪ್ಲೈಗಿಂತ ಕಡಿಮೆ, ಭಾರಕ್ಕೆ ಬಾಗುತ್ತದೆ. ಸಿಂಕಿನ ಕೆಳಗೆ ಮಾತ್ರ ಬಳಸಿ.

ಕಡಪ ಕಲ್ಲಿನ ಗೂಡು ಹಳೇ ಕಾಲದ್ದಲ್ವಾ?

ಹಳೇದೇ. ಆದರೂ ಮಲೆನಾಡಿನ ಒಳಭಾಗದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೆಳಗಿನ ಗೂಡುಗಳನ್ನು ಕಡಪ ಚಪ್ಪಡಿ ನಿಲ್ಲಿಸಿ ಮಾಡಿ, ಮುಂದೆ ಮಾತ್ರ ಮರದ ಅಥವಾ ಪ್ಲೈ ಬಾಗಿಲು ಕೂರಿಸಿ. ಕಲ್ಲು ಉಬ್ಬುವುದಿಲ್ಲ, ಒರಲೆಗೆ ತಿನ್ನಲು ಏನೂ ಇಲ್ಲ, ನೀರು ಚೆಲ್ಲಿದರೆ ಒರೆಸಿದರೆ ಮುಗಿಯಿತು. ಹತ್ತು ವರ್ಷದ ಮೇಲೆ ಬಾಗಿಲು ಬೇಜಾರಾದರೆ ಬಾಗಿಲು ಮಾತ್ರ ಬದಲಾಯಿಸಬಹುದು. ನಮ್ಮಲ್ಲಿ ಸಿಂಕಿನ ಕಡೆಯ ಸಾಲು ಪೂರ್ತಿ ಕಡಪ, ಒಲೆಯ ಕಡೆಯ ಸಾಲು ಪ್ಲೈ.

ಕಡಪ ಸುಣ್ಣಕಲ್ಲಿನ ಜಾತಿ, ಹುಳಿ ತಾಗಿದರೆ ಕಲೆ ಬೀಳುತ್ತದೆ. ನಿಂಬೆ, ಹುಣಸೆ, ವಾಟೆಹುಳಿ ದಿನವೂ ಚೆಲ್ಲುವ ಮನೆಯಲ್ಲಿ ಕಟ್ಟೆಯ ಮೇಲ್ಭಾಗಕ್ಕೆ ಅದು ಬೇಡ. ಮೇಲೆ ಗ್ರಾನೈಟ್, ಒಳಗೆ ಕಡಪ.

ನಮ್ಮ ತೋಟದ ಹಲಸಿನ ಮರ ಇದೆ, ಅದರಲ್ಲೇ ಬಾಗಿಲು ಮಾಡಿಸಬಹುದಾ?

ಮಾಡಿಸಿ, ಅದರಷ್ಟು ಚಂದ ಮೈಕಾ ಯಾವತ್ತೂ ಕಾಣುವುದಿಲ್ಲ. ಆದರೆ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ಮರಗಳ ಸಂರಕ್ಷಣೆ ಕಾಯ್ದೆ ಅನ್ವಯಿಸುತ್ತದೆ, ಹಲವು ಜಾತಿಗೆ ಅನುಮತಿ ಬೇಕು. ಕೊಯ್ಸಿದ ಹಲಗೆಯನ್ನು ನಡುನಡುವೆ ಪಟ್ಟಿ ಇಟ್ಟು, ಗಾಳಿ ಆಡುವ ನೆರಳಿನಲ್ಲಿ ಅಟ್ಟಿ ಹಾಕಿ ಒಣಗಿಸಬೇಕು. ಒಂದಿಂಚು ದಪ್ಪದ ಹಲಗೆಗೆ ಒಂದು ವರ್ಷವಾದರೂ ಬೇಕು. ಹಸಿ ಮರದಲ್ಲಿ ಮಾಡಿದ ಬಾಗಿಲು ಬೇಸಿಗೆಯಲ್ಲಿ ಸೀಳುತ್ತದೆ.

ಒಣಗಿದ ಮರವೂ ಮಳೆಗಾಲದಲ್ಲಿ ಸ್ವಲ್ಪ ಹಿಗ್ಗುತ್ತದೆ. ಫೆಬ್ರವರಿಯಲ್ಲಿ ಕೂರಿಸುವಾಗ ಎರಡು ಬಾಗಿಲ ನಡುವೆ 3 ಮಿ.ಮೀ. ಸಂದಿ ಬಿಡಿ. ಆಗ ಅದು ಜಾಸ್ತಿ ಅನ್ನಿಸುತ್ತದೆ, ಜುಲೈಯಲ್ಲಿ ಸರಿಹೋಗುತ್ತದೆ.

ಯಾವುದಾದ ಮೇಲೆ ಯಾವುದು?

ಹಳೇದು ಕಿತ್ತು ಹಾಕುವುದು, ಗೋಡೆಯ ತೇವ ಎಲ್ಲಿಂದ ಬರುತ್ತಿದೆ ಅಂತ ನೋಡಿ ಅದನ್ನು ಸರಿಮಾಡುವುದು, ಆಮೇಲೆ ಗೋಡೆ ಕೊರೆದು ಕರೆಂಟು ಪೈಪು, ನೀರಿನ ಪೈಪು ಹಾಕುವುದು, ಗಾರೆ, ಅದು ಒಣಗಲು ಎರಡು ವಾರ, ನೆಲ, ಕೆಳಗಿನ ಪೆಟ್ಟಿಗೆ ಅಥವಾ ಕಡಪ, ಗ್ರಾನೈಟ್, ಗೋಡೆಯ ಟೈಲ್ಸ್, ಬಣ್ಣ, ಮೇಲಿನ ಕಪಾಟು, ಬಾಗಿಲುಗಳು, ಸಿಂಕಿನ ಜೋಡಣೆ, ಕೊನೆಗೆ ಗ್ಯಾಸ್. ತೇವದ ಕೆಲಸವನ್ನು ಹಿಂದೆ ಮುಂದೆ ಮಾಡಬೇಡಿ. ಹೊರಗೋಡೆಗೆ ತೋಟದ ಮಣ್ಣು ಏರಿ ಕೂತಿದ್ದರೆ, ಸೂರಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದ್ದರೆ, ಒಳಗೆ ಎಷ್ಟು ದುಬಾರಿ ಬಣ್ಣ ಬಳಿದರೂ ಉಪಯೋಗ ಇಲ್ಲ.

ವಾರಕ್ಕೆ ಎರಡು ದಿನ ಕೆಲಸ ಮಾಡಿದರೆ ಎರಡು ತಿಂಗಳು ಹಿಡಿಯುತ್ತದೆ. ನಮಗೆ ಇನ್ನೂ ಹತ್ತು ದಿನ ಜಾಸ್ತಿಯೇ ಆಯಿತು.

ಪೆಟ್ಟಿಗೆಗಳನ್ನು ಮಟ್ಟವಾಗಿ ಕೂರಿಸುವುದು ಹೇಗೆ?

ಹಳೇ ನೆಲ ಎಲ್ಲೋ ಒಂದು ಕಡೆ ಇಳಿಜಾರು ಇರುತ್ತದೆ, ತೊಳೆದ ನೀರು ಹೊರಗೆ ಹೋಗಲಿ ಅಂತ ಹಿರಿಯರು ಬೇಕೆಂದೇ ಹಾಗೆ ಮಾಡಿಸಿದ್ದೂ ಇರುತ್ತದೆ. ಆದ್ದರಿಂದ ನೆಲವನ್ನು ನಂಬಬೇಡಿ. ಗಾರೆಯವರು ಬಳಸುವ ನೀರು ತುಂಬಿದ ಟ್ಯೂಬು ತಂದು ಇಬ್ಬರು ಎರಡು ತುದಿ ಹಿಡಿದು, ಗೋಡೆಯ ಉದ್ದಕ್ಕೂ ಒಂದೇ ಮಟ್ಟದ ಗೆರೆ ಹಾಕಿ. ಟ್ಯೂಬಿನೊಳಗೆ ಗಾಳಿಗುಳ್ಳೆ ಇರಬಾರದು. ನೆಲ ಯಾವ ಜಾಗದಲ್ಲಿ ತುಂಬಾ ಎತ್ತರ ಇದೆಯೋ ಅಲ್ಲಿಂದ ಪೆಟ್ಟಿಗೆಗಳ ಎತ್ತರದ ಲೆಕ್ಕ ಶುರು ಮಾಡಿ. ಎತ್ತರದ ಕಡೆಯಿಂದ ಹೊರಟರೆ ಉಳಿದವನ್ನು ಕಾಲು ತಿರುಗಿಸಿ ಏರಿಸಬಹುದು, ತಗ್ಗಿನಿಂದ ಹೊರಟರೆ ಏರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಎತ್ತರ ಇಳಿಸಿ ಏರಿಸುವ 4 ಇಂಚಿನ ಪ್ಲಾಸ್ಟಿಕ್ ಕಾಲುಗಳನ್ನೇ ಹಾಕಿ. ಮರ ನೆಲಕ್ಕೆ ತಾಗಬಾರದು. ಮೂಲೆಯ ಪೆಟ್ಟಿಗೆ ಮೊದಲು, ಆಮೇಲೆ ಎರಡೂ ಕಡೆಗೆ ಹೋಗಿ. ರಸಮಟ್ಟವನ್ನು ಉದ್ದಕ್ಕೂ ಇಡಿ, ಅಡ್ಡಕ್ಕೂ ಇಡಿ. ಪಕ್ಕಪಕ್ಕದ ಪೆಟ್ಟಿಗೆಗಳನ್ನು ಕ್ಲಾಂಪಿನಲ್ಲಿ ಬಿಗಿದು, ಸಣ್ಣ ತೂತು ಕೊರೆದು, ಆಮೇಲೆ ಸ್ಕ್ರೂ. ಎಲ್ಲವೂ ಮಟ್ಟಕ್ಕೆ ಬಂದ ಮೇಲೇ ಗೋಡೆಗೆ ಬಿಗಿಯಿರಿ.

ಮಣ್ಣಿನ ಗೋಡೆಗೆ ಮೇಲಿನ ಕಪಾಟು ನಿಲ್ಲುತ್ತದಾ?

ಮಾಮೂಲಿ ಪ್ಲಗ್ಗು ಸ್ಕ್ರೂ ಹಾಕಿದರೆ ನಿಲ್ಲುವುದಿಲ್ಲ. ಮೊದಲ ದಿನ ಗಟ್ಟಿ ಅನ್ನಿಸುತ್ತದೆ, ತಟ್ಟೆ ಲೋಟ ತುಂಬಿ ಎರಡು ತಿಂಗಳಾದ ಮೇಲೆ ಮಣ್ಣು ಉದುರಿ ಸಡಿಲವಾಗುತ್ತದೆ. ಕೆಳಗೆ ನಿಂತವರ ತಲೆಯ ಮೇಲೆ ಬೀಳುವ ವಸ್ತು ಅದು. ಮೂರು ದಾರಿ ಇವೆ. ಒಂದು, ಗೋಡೆಯ ಆಚೆಯವರೆಗೂ ತೂತು ಕೊರೆದು, ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಉದ್ದ ಬೋಲ್ಟ್ ಬಿಗಿಯುವುದು. ಎರಡು, ಮೇಲಿನ ತೊಲೆಯಿಂದ ಇಳಿಬಿಡುವುದು, ನಮ್ಮಜ್ಜಿಯ ಕಾಲದ ನಾಗಂದಿಗೆ ಹಾಗೇ ಇತ್ತು. ಮೂರು, ಕಪಾಟಿನ ಭಾರವೆಲ್ಲ ಎರಡು ಕಂಬದ ಮೂಲಕ ನೆಲಕ್ಕೇ ಇಳಿಯುವ ಹಾಗೆ ಚೌಕಟ್ಟು ಮಾಡುವುದು. ನಾವು ಮಾಡಿದ್ದು ಮೂರನೆಯದು, ಗೋಡೆಗೆ ಅದು ಸುಮ್ನೆ ತಾಗಿಕೊಂಡಿದೆ ಅಷ್ಟೇ.

ಜಂಬಿಟ್ಟಿಗೆ ಗೋಡೆ ಇದಕ್ಕಿಂತ ವಾಸಿ. ಡ್ರಿಲ್ಲಿನ ಹ್ಯಾಮರ್ ಹಾಕದೆ ನಿಧಾನ ಕೊರೆದು, ಉದ್ದದ ಪ್ಲಗ್ಗು ಹಾಕಿ. ತೂತಿನಿಂದ ಬರೀ ಹುಡಿ ಮಣ್ಣು ಬಂದರೆ ಆ ಜಾಗ ಬಿಟ್ಟು ಪಕ್ಕಕ್ಕೆ ಹೋಗಿ. ಇಟ್ಟಿಗೆ, ಸಿಮೆಂಟ್ ಗೋಡೆಯವರಿಗೆ ಈ ತಲೆಬಿಸಿ ಇಲ್ಲ.

ಗ್ರಾನೈಟ್ ನಾವೇ ಕತ್ತರಿಸಿದರೆ ಉಳಿತಾಯ ಅಲ್ವಾ?

ಬೇಡ. ಕತ್ತರಿಸುವಾಗ ಏಳುವ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ, ಸಿಲಿಕೋಸಿಸ್ ಅನ್ನುವ ಕಾಯಿಲೆ ಬರುವುದು ಅದರಿಂದಲೇ. ಬರುವ ಕೆಲಸಗಾರರಿಗೂ ನೀರು ಬಿಟ್ಟುಕೊಂಡು, ಅಂಗಳದಲ್ಲಿ, ಎನ್95 ಮಾಸ್ಕ್ ಹಾಕಿಕೊಂಡು ಕತ್ತರಿಸಲು ಹೇಳಿ, ಮಾಸ್ಕ್ ನೀವೇ ತಂದುಕೊಡಿ. ಸಿಂಕು ಮತ್ತು ಒಲೆಯನ್ನು ಮೊದಲೇ ಮನೆಗೆ ತಂದಿಟ್ಟುಕೊಳ್ಳಿ, ಅಳತೆ ವಸ್ತು ನೋಡಿಯೇ ಆಗಬೇಕು. ಮುಂದಕ್ಕೆ ಒಂದು ಇಂಚು ಚಾಚಿರಲಿ, ಆ ಚಾಚಿನ ಅಡಿಯಲ್ಲಿ ಒಂದು ಸಣ್ಣ ಗೀರು ಹಾಕಿಸಿದರೆ ಚೆಲ್ಲಿದ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಬಾಗಿಲ ಮೇಲೆ ಇಳಿಯುವುದಿಲ್ಲ.

ಸಿಂಕಿನ ಪೈಪು?

ಇದನ್ನು ಧೈರ್ಯವಾಗಿ ನೀವೇ ಮಾಡಿ. ಟ್ಯಾಪಿನ ಕೆಳಗೆ ಅದೊಂದಕ್ಕೇ ನೀರು ನಿಲ್ಲಿಸುವ ಆ್ಯಂಗಲ್ ಕಾಕ್ ಇರಲೇಬೇಕು, ಇಲ್ಲದಿದ್ದರೆ ವಾಷರ್ ಬದಲಿಸಲೂ ಮೇಲಿನ ಟ್ಯಾಂಕ್ ಮುಚ್ಚಬೇಕಾಗುತ್ತದೆ. ಟೆಫ್ಲಾನ್ ಟೇಪನ್ನು ತಿರುಪು ಬಿಗಿಯುವ ದಿಕ್ಕಿಗೇ ಸುತ್ತಿ. ಹೊರಹೋಗುವ ಪೈಪಿಗೆ ಅಡಿಗೆ ಕಾಲು ಇಂಚಿನ ಇಳಿಜಾರು. ಸಿಂಕಿನ ಕೆಳಗೆ ಟ್ರ್ಯಾಪ್, ಅಂದರೆ ಬಾಗಿದ ಪೈಪು ಹಾಕಿ, ಅದರಲ್ಲಿ ಸದಾ ನಿಂತಿರುವ ನೀರೇ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು.

ನಮ್ಮಲ್ಲಿ ಸಿಂಕಿನ ನೀರು ಬಾಳೆ ಬುಡಕ್ಕೆ ಹೋಗುತ್ತದೆ, ತುಂಬಾ ಮನೆಗಳಲ್ಲಿ ಹಾಗೇ. ಆ ತುದಿಗೆ ಸ್ಟೀಲ್ ಜಾಲರಿ ಕಟ್ಟಿ. ತೆರೆದ ಪೈಪಿನಲ್ಲಿ ಇಲಿ ಬರುತ್ತದೆ, ಇಲಿಯ ಹಿಂದೆ ಹಾವೂ ಬರುತ್ತದೆ.

ಕರೆಂಟು ಪಾಯಿಂಟ್ ಎಷ್ಟು ಬೇಕು?

ಈಗ ಬೇಕು ಅನ್ನಿಸುವುದಕ್ಕಿಂತ ಎರಡು ಜಾಸ್ತಿ. ಮಿಕ್ಸಿ, ಗ್ರೈಂಡರ್, ಫ್ರಿಜ್, ನೀರಿನ ಫಿಲ್ಟರ್, ಚಿಮಣಿ, ಇಂಡಕ್ಷನ್. 2000 ವಾಟ್‌ನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಹೆಚ್ಚು ಕಡಿಮೆ 9 ಆ್ಯಂಪ್ ಎಳೆಯುತ್ತದೆ, ಅದಕ್ಕೆ 6 ಆ್ಯಂಪಿನ ಸಣ್ಣ ಪ್ಲಗ್ಗು ಸಾಲದು, 16 ಆ್ಯಂಪಿನದೇ ಬೇಕು, ವೈರ್ 2.5 ಚದರ ಮಿ.ಮೀ.ಗಿಂತ ಸಣ್ಣದು ಬೇಡ. ಎಲ್ಲೆಲ್ಲಿ ಬೇಕು ಅಂತ ಗೋಡೆ ಮೇಲೆ ಗುರುತು ಹಾಕುವುದು ನಿಮ್ಮ ಕೆಲಸ. ಲೈನ್ ಎಳೆಯುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಅವರಿಗೆ ಎರಡು ಮಾತು ಖಂಡಿತ ಹೇಳಿ: ಕರೆಂಟು ಸೋರಿದರೆ ತಾನಾಗೇ ಲೈನ್ ಕಡಿಯುವ 30 ಮಿಲಿ ಆ್ಯಂಪಿನ ಆರ್‌ಸಿಸಿಬಿ ಹಾಕಿ, ಅರ್ಥಿಂಗ್ ಪರೀಕ್ಷಿಸಿ. ಮಳೆಗಾಲದಲ್ಲಿ ಒದ್ದೆ ಕೈ, ಒದ್ದೆ ನೆಲ, ಬರಿಗಾಲು ಮೂರೂ ಸೇರುವ ಜಾಗ ಅಡುಗೆಮನೆ. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಅಂತ ಅದನ್ನು ತೆಗೆಸಿಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅದು ಬೀಳುತ್ತಿದೆ ಅಂದರೆ ಎಲ್ಲೋ ಕರೆಂಟು ಸೋರುತ್ತಿದೆ, ಅದನ್ನು ಹುಡುಕಿಸಿ.

ಗ್ಯಾಸ್ ಸಿಲಿಂಡರನ್ನು ಕಪಾಟಿನೊಳಗೆ ಮುಚ್ಚಿಡಬಹುದಾ?

ಚಂದಕ್ಕೆ ಅಂತ ಎಲ್ಲರೂ ಕೇಳುವ ಪ್ರಶ್ನೆ ಇದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಕೆಳಗೇ ತುಂಬಿಕೊಳ್ಳುತ್ತದೆ. ಮುಚ್ಚಿದ ಕಪಾಟಿನ ತಳದಲ್ಲಿ ತುಂಬಿದ್ದು ಬೆಳಿಗ್ಗೆ ಲೈಟ್ ಸ್ವಿಚ್ ಹಾಕುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಸಿಲಿಂಡರ್ ಇಡುವ ಗೂಡಿಗೆ ಬಾಗಿಲೇ ಬೇಡ ಅಂತ ನಾನು ಹೇಳುವುದು. ಬೇಕೇ ಬೇಕು ಅಂದರೆ ಜಾಲರಿ ಬಾಗಿಲು ಮಾಡಿ, ನೆಲದ ಮಟ್ಟದಲ್ಲೂ ಮೇಲೂ ಗಾಳಿ ಆಡುವ ದೊಡ್ಡ ಕಿಂಡಿ ಬಿಡಿ, ಆ ಗೂಡಿನೊಳಗೆ ಯಾವ ಸ್ವಿಚ್ಚೂ ಬೇಡ.

ಸಿಲಿಂಡರ್ ನೇರ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಒಂದೂವರೆ ಮೀಟರಿಗಿಂತ ಉದ್ದ ಬೇಡ, 5 ವರ್ಷಕ್ಕೊಮ್ಮೆ ಬದಲಾಯಿಸಬೇಕು, ಅದನ್ನು ಗೋಡೆಯೊಳಗೆ ತೂರಿಸಬಾರದು. ಸಿಲಿಂಡರ್ ಮನೆಯ ಹೊರಗಿಟ್ಟು ತಾಮ್ರದ ಪೈಪಿನಲ್ಲಿ ಒಳಗೆ ತರಬೇಕಾದರೆ ನಿಮ್ಮ ಗ್ಯಾಸ್ ಏಜೆನ್ಸಿಯ ಮೂಲಕವೇ ಮಾಡಿಸಿ. ಜೋಡಣೆ ಆದ ಮೇಲೆ ಎಲ್ಲ ಸಂದಿಗೂ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಬಂದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ಯಾವತ್ತೂ ನೋಡಬಾರದು. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಈ ನಂಬರನ್ನು ಅಡುಗೆಮನೆ ಗೋಡೆ ಮೇಲೂ ಬರೆದಿಡಿ.

ಚಿಮಣಿ ಬೇಕಾ? ಸೌದೆ ಒಲೆಯನ್ನು ಕಿತ್ತುಬಿಡೋದಾ?

ಒಗ್ಗರಣೆ, ಮೀನು ಹುರಿಯುವುದು ಜಾಸ್ತಿ ಇದ್ದರೆ ಚಿಮಣಿ ಅನುಕೂಲ. ಒಲೆಯಿಂದ 26ರಿಂದ 30 ಇಂಚು ಮೇಲೆ ಇರಲಿ. 6 ಇಂಚಿನ ಪೈಪು, ಆದಷ್ಟು ಕಡಿಮೆ ತಿರುವು. ಹೊರಗೋಡೆಯಿಂದ ಹೊರಬರುವ ತುದಿ ಸ್ವಲ್ಪ ಕೆಳಮುಖವಾಗಿ ವಾಲಿರಬೇಕು, ಅದಕ್ಕೆ ಟೋಪಿಯೂ ಜಾಲರಿಯೂ ಬೇಕು. ಇಲ್ಲದಿದ್ದರೆ ಅಡ್ಡಮಳೆಯ ನೀರು ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಸೌದೆ ಒಲೆ ಕೀಳಬೇಡಿ, ಜಾಗ ಬದಲಾಯಿಸಿ. ಹಿತ್ತಲ ಕಡೆ ಮಾಡು ಇಳಿಸಿ ಅಲ್ಲಿಗೆ ಕಳಿಸಿದರೆ ಹಬ್ಬದ ದೊಡ್ಡ ಅಡುಗೆಗೂ, ಹಲಸಿನಹಣ್ಣಿನ ಕಡುಬು ಬೇಯಿಸಲೂ, ಸಿಲಿಂಡರ್ ಖಾಲಿಯಾದ ದಿನಕ್ಕೂ ಆಗುತ್ತದೆ. ಕೆಲಸ ನಡೆಯುವ ಎರಡು ತಿಂಗಳು ಮನೆಯವರ ಊಟವೂ ಅಲ್ಲೇ ಆಗುತ್ತದೆ. ಆದ್ದರಿಂದ ಮೊದಲು ಕಟ್ಟಬೇಕಾದದ್ದು ಆ ಮಾಡನ್ನೇ.

ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಬಾರದು?

ಹಿಂಜ್, ಡ್ರಾಯರ್ ಚಾನಲ್, ಸ್ಕ್ರೂ, ಟ್ಯಾಪು, ಇವುಗಳಲ್ಲಿ ಉಳಿಸಬೇಡಿ. ದಿನಕ್ಕೆ ಇಪ್ಪತ್ತು ಸಲ ಕೈಯಾಡುವುದು ಇವುಗಳ ಮೇಲೆ. ಹಿಂಜ್ ಮತ್ತು ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ, ಮಾಮೂಲಿ ಕಬ್ಬಿಣದ್ದಕ್ಕೆ ನಮ್ಮ ಕಡೆ ಬೇಗ ತುಕ್ಕು ಹಿಡಿಯುತ್ತದೆ. ಉಳಿಸುವುದಾದರೆ ಹೊಳೆಯುವ ಬಾಗಿಲಿನಲ್ಲಿ, ಒಳಗಿನ ತಂತಿ ಬುಟ್ಟಿಗಳಲ್ಲಿ, ಮೇಲಿನ ಕಪಾಟಿನಲ್ಲಿ ಉಳಿಸಿ. ಮೇಲಿನ ಕಪಾಟು ಮುಂದಿನ ವರ್ಷ ಮಾಡಿದರೂ ನಡೆಯುತ್ತದೆ.

ಒರಲೆ, ಬೂಸು ಬರದ ಹಾಗೆ ಏನು ಮಾಡಬೇಕು?

ಗಾಳಿ ಬಿಡಬೇಕು. ಪೆಟ್ಟಿಗೆಯ ಹಿಂಬದಿಗೂ ಗೋಡೆಗೂ ನಡುವೆ ಒಂದೆರಡು ಇಂಚು ಖಾಲಿ ಇರಲಿ, ಕಾಲುಗಳನ್ನು ಮರೆಮಾಡುವ ಕೆಳಗಿನ ಸ್ಕರ್ಟಿಂಗ್ ಪಟ್ಟಿ ಕಿತ್ತು ನೋಡುವ ಹಾಗೆ ಕ್ಲಿಪ್ಪಿನದೇ ಇರಲಿ. ಒಂದೆರಡು ಬಾಗಿಲಿಗಾದರೂ ಹಳೇ ಹಾಲಿನ ಬೀರುವಿನ ತರ ಜಾಲರಿ ಹಾಕಿ. ಕಟ್ಟೆಯೂ ಗೋಡೆಯೂ ಕೂಡುವ ಸಂದಿಗೆ ಬೂಸು ನಿರೋಧಕ ಸಿಲಿಕೋನ್ ಎಳೆದು ಒಂದು ದಿನ ನೀರು ತಾಗಿಸಬೇಡಿ. ಒರಲೆಯ ಮಣ್ಣಿನ ಗೆರೆ ಕಂಡರೆ ಅದನ್ನು ಕೆರೆದು ಸುಮ್ಮನಾಗಬೇಡಿ, ಅದು ಎಲ್ಲಿಂದ ಬರುತ್ತಿದೆ ಅಂತ ನೋಡಿ, ಔಷಧಿ ಹೊಡೆಯುವವರನ್ನು ಕರೆಸಿ. ಅಕ್ಕಿ ಬೇಳೆ ಇಡುವ ಜಾಗದಲ್ಲಿ ನೀವೇ ವಿಷ ಸಿಂಪಡಿಸುವುದು ಬೇಡ.

ಮೊದಲ ಮಳೆಗಾಲದಲ್ಲಿ ಏನು ನೋಡಬೇಕು?

ಜೂನ್ ಕೊನೆಗೆ ಒಂದು ದಿನ ಬಿಡುವು ಮಾಡಿಕೊಳ್ಳಿ. ಸ್ಕರ್ಟಿಂಗ್ ತೆಗೆದು ಟಾರ್ಚ್ ಬಿಟ್ಟು ಹಿಂದಿನ ಗೋಡೆ ನೋಡಿ, ಕೈಯಿಂದ ಮುಟ್ಟಿ. ಸಿಂಕಿನ ಕೆಳಗೆ ಒಂದು ಹಳೇ ಪೇಪರ್ ಹಾಸಿ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ, ಹನಿ ಬಿದ್ದಿದ್ದರೆ ಕಲೆ ಕಾಣುತ್ತದೆ. ಯಾವ ಬಾಗಿಲು ಒತ್ತುತ್ತಿದೆ ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಆದರೆ ಆಗಲೇ ಹೆರೆಯಬೇಡಿ. ಹಿಂಜಿನ ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳಿ. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಇಳಿಯುತ್ತದೆ, ಈಗ ಹೆರೆದರೆ ಜನವರಿಯಲ್ಲಿ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ನಮ್ಮಲ್ಲಿ ಮೂರು ಬಾಗಿಲು ಒತ್ತಿದವು. ನವೆಂಬರಿನಲ್ಲಿ ಎರಡು ತಾವಾಗೇ ಸರಿಹೋದವು, ಮೂರನೆಯದನ್ನು ಮಾತ್ರ ತಮ್ಮ ಒಂದು ಎಳೆ ಹೆರೆದ.